ಯುದ್ಧದಾಟದಲ್ಲಿ ಫೈಟರ್ ಮತ್ತು ಬಾಂಬರ್: ಸಮತೋಲನದ ವಿಚಾರ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಚದುರಂಗವೆಂಬ ಹೆಸರಿನಲ್ಲಿಯೇ ಸೇನೆಯ ನಾಲ್ಕು ಅಂಗಗಳು ಅಡಗಿವೆ: ಆನೆ, ಕುದುರೆ, ರಥ, ಕಾಲಾಳು. ಆನೆಯ ನಡೆ ಕುದುರೆಗಿಲ್ಲ. ಕುದುರೆಯ ನೆಗೆತ ಆನೆಗೆ ಬಾರದು. ಮಣೆಯ ಮೇಲೆ ಎಲ್ಲವನ್ನೂ ಆನೆಗಳನ್ನಾಗಿಯೇ ಇಟ್ಟರೆ ಬಲ ಹೆಚ್ಚಿದಂತೆ ಕಂಡೀತೇ ಹೊರತು ಆಟ ಕೆಟ್ಟುಹೋಗುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವಂತೆ ಕಾಯಿಗಳನ್ನು ಹೂಡಿದ ನಮ್ಮ ಪೂರ್ವಿಕರ ಜಾಣ್ಮೆ ಮೆಚ್ಚತಕ್ಕದ್ದು. ಇಪ್ಪತ್ತನೆಯ ಶತಮಾನದಲ್ಲಿ ಸೇನೆಗೆ ರೆಕ್ಕೆ ಮೂಡಿ ಐದನೆಯ ಅಂಗವೊಂದು ಹುಟ್ಟಿತು. ಆ ಅಂಗದೊಳಗೇ ಎರಡು ಜಾತಿಗಳಾದವು. ಆಕಾಶದಲ್ಲಿ ಶತ್ರುವಿಮಾನವನ್ನು ಹೊಡೆದುರುಳಿಸುವ ಕಾದಾಟದ ವಿಮಾನ ಒಂದು. ದೂರದ ನೆಲದ ಮೇಲೆ ಬಾಂಬು ಸುರಿಯುವ ಭಾರದ ವಿಮಾನ ಇನ್ನೊಂದು. ಪತ್ರಿಕೆಗಳಲ್ಲಿ ರೂಢಿಯಾಗಿರುವಂತೆ ಇವನ್ನು ಫೈಟರ್, ಬಾಂಬರ್ ಎಂದೇ ಇಲ್ಲಿ ಕರೆಯುತ್ತೇನೆ. ಕೈಯಲ್ಲಿರುವ ಹಣ ಮಿತವಾಗಿರುವಾಗ ಇವೆರಡರಲ್ಲಿ ಯಾವುದನ್ನು ಎಷ್ಟು ಕೊಳ್ಳಬೇಕು ಎಂಬುದೇ ಈ ಲೇಖನದ ವಿಷಯ.

ನಾನು ಸೈನ್ಯವನ್ನು ಕಂಡವನಲ್ಲ. ವಿಮಾನ ಹತ್ತಿದವನೂ ಅಲ್ಲ. ಕಾಡಂಚಿನ ಊರೊಂದರ ಬೇಸಾಯಗಾರರ ಮನೆಯಲ್ಲಿ ಹುಟ್ಟಿ, ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲನೆಯವನು. ಅಂಥವನಿಗೆ ಈ ವಿಷಯದ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಅದು ನನ್ನ ತಲೆಯನ್ನು ಹೊಕ್ಕದ್ದು ಒಂದು ಸೋಲಿನಿಂದ.

ಸೋಲಿನ ಕಥೆ

ಕಳೆದ ದಸರೆಯ ರಜೆಯಲ್ಲಿ ನಮ್ಮ ಚರಿತ್ರೆಯ ಅಧ್ಯಾಪಕರ ಮನೆಗೆ ನಾವು ಕೆಲವರು ವಿದ್ಯಾರ್ಥಿಗಳು ಹೋಗಿದ್ದೆವು. ಅವರ ಭಾವಮೈದುನರು ಬಹಳ ವರ್ಷಗಳ ಹಿಂದೆ ಅಮೆರಿಕದಿಂದ ತಂದಿದ್ದ ಒಂದು ಹಳೆಯ ಪೆಟ್ಟಿಗೆ ಅಟ್ಟದಿಂದ ಕೆಳಗಿಳಿಯಿತು. ಅದರೊಳಗಿದ್ದದ್ದು ‘ಆಕ್ಸಿಸ್ ಅಂಡ್ ಅಲೈಸ್’ ಎಂಬ ಆಟ. ಲ್ಯಾರಿ ಹ್ಯಾರಿಸ್ ಎಂಬವರು ರಚಿಸಿದ ಈ ಆಟ ೧೯೮೧ರಲ್ಲಿ ಮೊದಲು ಪ್ರಕಟವಾಗಿ, ೧೯೮೪ರಲ್ಲಿ ಮಿಲ್ಟನ್ ಬ್ರ್ಯಾಡ್ಲಿ ಸಂಸ್ಥೆಯ ಮೂಲಕ ಬಹಳ ಪ್ರಚಾರಕ್ಕೆ ಬಂದಿತು. ನಾವು ಆಡಿದ್ದು ಈ ೧೯೮೪ರ ಆವೃತ್ತಿಯನ್ನು.

ಹಲಗೆಯ ಮೇಲೆ ಭೂಪಟ. ಕಾಲ ೧೯೪೨ರ ವಸಂತ. ಜರ್ಮನಿ, ಜಪಾನು ಒಂದು ಕಡೆ; ರಷ್ಯಾ, ಬ್ರಿಟನ್, ಅಮೆರಿಕ ಇನ್ನೊಂದು ಕಡೆ. ಪ್ರತಿಯೊಂದು ದೇಶಕ್ಕೂ ಅದರ ನೆಲಕ್ಕೆ ತಕ್ಕಂತೆ ಆದಾಯ ಉಂಟು. ಆಟದ ಆರಂಭದಲ್ಲಿ ಜರ್ಮನಿಗೆ ೩೨, ಬ್ರಿಟನ್ನಿಗೆ ೩೦, ಅಮೆರಿಕಕ್ಕೆ ೩೬. ಆ ಹಣದಿಂದ ಕಾಯಿಗಳನ್ನು ಕೊಂಡು, ಭೂಪಟದ ಮೇಲೆ ನಡೆಸಿ, ದಾಳ ಎಸೆದು ಕಾದಬೇಕು. ಕಾಲಾಳಿನ ಬೆಲೆ ೩, ಫೈಟರಿನದು ೧೨, ಬಾಂಬರಿನದು ೧೫.

ನನ್ನ ಪಾಲಿಗೆ ಬ್ರಿಟನ್ ಬಂದಿತು. ನನ್ನ ಕೊಠಡಿಯ ಗೆಳೆಯ ಜರ್ಮನಿಯನ್ನು ಹಿಡಿದ. ಅಧ್ಯಾಪಕರು ನನ್ನ ಹಿಂದೆ ನಿಂತು, “ನೋಡಪ್ಪ, ನಿನ್ನದು ದ್ವೀಪ. ಅದನ್ನು ಮಾತ್ರ ಮರೆಯಬೇಡ” ಎಂದರು. ನಾನು ಮರೆತೆ. ಮೊದಲ ಸರದಿಯ ೩೦ಕ್ಕೂ ಎರಡು ಬಾಂಬರುಗಳನ್ನು ಕೊಂಡೆ. ಮುಂದಿನ ಸರದಿಯಲ್ಲಿ ಇನ್ನೊಂದು. ಬರ್ಲಿನ್ನಿನ ಕಾರ್ಖಾನೆಗಳ ಮೇಲೆ ದಾಳಿ ನಡೆಸಿದಾಗಲೆಲ್ಲ ಗೆಳೆಯ ಆರೇಳು ಹಣವನ್ನು ಬ್ಯಾಂಕಿಗೆ ಕಟ್ಟಬೇಕಾಯಿತು. ನಾನು ಹಿಗ್ಗಿಹೋದೆ. ಅವನು ಮಾತನಾಡದೆ ಹಡಗುಗಳನ್ನು ಕೊಂಡ, ಕಾಲಾಳುಗಳನ್ನು ಕೂಡಿಸಿದ, ತನ್ನ ಫೈಟರುಗಳನ್ನು ಪಶ್ಚಿಮದ ತೀರಕ್ಕೆ ತಂದ. ನಾಲ್ಕನೆಯ ಸರದಿಯಲ್ಲಿ ಲಂಡನ್ ಬಿದ್ದಿತು. ಮೂರು ಬಾಂಬರುಗಳಿದ್ದ ನನ್ನ ರಾಜಧಾನಿಯಲ್ಲಿ ಅದನ್ನು ಕಾಯಬಲ್ಲವರು ಬೆರಳೆಣಿಕೆಯ ಕಾಲಾಳುಗಳು ಮಾತ್ರ.

“ಏನಯ್ಯಾ, ಬರ್ಲಿನ್ನಿಗೆ ಬೆಂಕಿ ಹಚ್ಚೋಕೆ ಹೊರಟು ಮನೆ ಬಾಗಿಲಿಗೆ ಬೀಗ ಹಾಕೋದನ್ನೇ ಮರೆತೆಯಲ್ಲ!” ಎಂದು ಗೆಳೆಯ ನಕ್ಕ.

“ದಾಳ ಕೈಕೊಟ್ಟಿತು” ಎಂದೆ.

ಅಧ್ಯಾಪಕರು ಒಪ್ಪಲಿಲ್ಲ. “ದಾಳವನ್ನು ದೂರಬೇಡ. ಧರ್ಮರಾಯನೂ ಅದನ್ನೇ ಹೇಳಬಹುದಾಗಿತ್ತು. ಕಾಗದದ ಮೇಲೆ ಲೆಕ್ಕ ಮಾಡಿಕೊಂಡು ಬಾ, ಆಮೇಲೆ ಮಾತನಾಡೋಣ” ಎಂದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಅಂದು ರಾತ್ರಿ ನಾನು ಲೆಕ್ಕಕ್ಕೆ ಕುಳಿತೆ.

ದಾಳದ ಲೆಕ್ಕ

ಆಟದ ನಿಯಮ ಸರಳವಾದದ್ದು. ಫೈಟರು ದಾಳಿಗೆ ಹೋದಾಗ ದಾಳದಲ್ಲಿ ೩ ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಏಟು ತಗುಲಿದಂತೆ. ತನ್ನ ನೆಲವನ್ನು ಕಾಯುವಾಗ ೪ ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಸಾಕು. ಬಾಂಬರಿಗೆ ದಾಳಿಯಲ್ಲಿ ೪. ಕಾವಲಿನಲ್ಲಿ ಬರಿಯ ೧. ದಾಳಕ್ಕೆ ಮುಖಗಳು ಆರು. ಈಗ ೬೦ ಹಣವಿದೆಯೆಂದು ಇಟ್ಟುಕೊಳ್ಳೋಣ. ಅದಕ್ಕೆ ಐದು ಫೈಟರುಗಳು ಬರುತ್ತವೆ, ಇಲ್ಲವೆ ನಾಲ್ಕು ಬಾಂಬರುಗಳು.

ಐದು ಫೈಟರುಗಳು ದಾಳಿ ಮಾಡಿದರೆ ಸರಾಸರಿ ಎರಡೂವರೆ ಏಟು. ನಾಲ್ಕು ಬಾಂಬರುಗಳು ದಾಳಿ ಮಾಡಿದರೆ ೨.೬೭ ಏಟು. ವ್ಯತ್ಯಾಸ ಅತ್ಯಲ್ಪ. ಆದರೆ ಕಾವಲಿನ ಲೆಕ್ಕವನ್ನು ನೋಡಿ. ಐದು ಫೈಟರುಗಳಿಂದ ೩.೩೩ ಏಟು, ನಾಲ್ಕು ಬಾಂಬರುಗಳಿಂದ ೦.೬೭ ಏಟು. ಅಂದರೆ ಕಾವಲಿನಲ್ಲಿ ಅದೇ ಹಣಕ್ಕೆ ಫೈಟರಿನ ಬಲ ಐದು ಪಟ್ಟು. ದಾಳಿಯಲ್ಲಿ ಕಾಳಿನಷ್ಟು ಲಾಭಕ್ಕಾಗಿ ಕಾವಲಿನಲ್ಲಿ ಮೂಟೆಯಷ್ಟು ನಷ್ಟವನ್ನು ನಾನು ಕೊಂಡುಕೊಂಡಿದ್ದೆ.

ಹಾಗಾದರೆ ಬಾಂಬರಿಗೆ ಮೂರು ಹಣ ಹೆಚ್ಚು ಕೊಡುವುದು ಯಾವುದಕ್ಕೆ? ಎರಡು ಗುಣಗಳಿಗೆ. ಒಂದು, ಹಾರುವ ದೂರ. ಫೈಟರು ನಾಲ್ಕು ಮನೆ ಹಾರಬಲ್ಲದು, ಬಾಂಬರು ಆರು. ಹೋದದ್ದು ಮರಳಿ ಇಳಿಯಬೇಕಾದುದರಿಂದ, ಫೈಟರಿನ ಕೈ ಎಟುಕುವುದು ಎರಡು ಮನೆಗೆ, ಬಾಂಬರಿನದು ಮೂರು ಮನೆಗೆ. (ಸಮುದ್ರದ ಮೇಲಿನ ವಿಮಾನವಾಹಕ ಹಡಗಿನಲ್ಲಿ ಫೈಟರು ಇಳಿಯಬಹುದು, ಬಾಂಬರು ಇಳಿಯಲಾರದು ಎಂಬುದನ್ನೂ ಮರೆಯಬಾರದು.) ಎರಡನೆಯದು, ಕಾರ್ಖಾನೆಯ ಮೇಲಿನ ದಾಳಿ. ಇದನ್ನು ಬಾಂಬರು ಮಾತ್ರ ಮಾಡಬಲ್ಲದು. ದಾಳದಲ್ಲಿ ಎಷ್ಟು ಬೀಳುತ್ತದೆಯೋ ಅಷ್ಟು ಹಣವನ್ನು ಶತ್ರು ಕಳೆದುಕೊಳ್ಳುತ್ತಾನೆ, ಸರಾಸರಿ ಮೂರೂವರೆ. ಆದರೆ ಅಲ್ಲಿ ವಿಮಾನ ವಿರೋಧಿ ತೋಪು ಇದ್ದರೆ ಅದು ಮೊದಲು ದಾಳ ಎಸೆಯುತ್ತದೆ. ೧ ಬಿದ್ದರೆ ಬಾಂಬರು ಹೋಯಿತು.

ಈ ವ್ಯಾಪಾರದ ಲಾಭನಷ್ಟವನ್ನು ಹೀಗೆ ಹಾಕಬಹುದು. ಆರರಲ್ಲಿ ಒಂದು ಸಲ ೧೫ರ ಬಾಂಬರು ಹೋಗುವುದರಿಂದ, ಪ್ರತಿಯೊಂದು ದಾಳಿಯಲ್ಲಿ ನಮ್ಮ ನಷ್ಟ ಸರಾಸರಿ ೨.೫. ಆರರಲ್ಲಿ ಐದು ಸಲ ೩.೫ರ ಹಾನಿ ಮಾಡುವುದರಿಂದ, ಶತ್ರುವಿನ ನಷ್ಟ ಸರಾಸರಿ ೨.೯. ದಾಳಿಯೊಂದಕ್ಕೆ ನಮಗೆ ಉಳಿಯುವ ಲಾಭ ಅರ್ಧ ಹಣಕ್ಕಿಂತಲೂ ಕಡಿಮೆ! ಬಾಂಬರು ಆರು ದಾಳಿಗಳನ್ನು ದಾಟಿ ಉಳಿಯುವ ಸಂಭವ ಮೂರರಲ್ಲಿ ಒಂದು. ಸೂಕ್ಷ್ಮವಾಗಿ ನೋಡಿದರೆ ಇದು ಕೆಟ್ಟ ವ್ಯಾಪಾರವಲ್ಲ. ಆದರೆ ನಿಧಾನದ ವ್ಯಾಪಾರ. ಸಾವಕಾಶವಿದ್ದವನಿಗೆ ಇದು ಸಲ್ಲುತ್ತದೆ. ಬಾಗಿಲಲ್ಲಿ ಶತ್ರು ನಿಂತವನಿಗೆ ಸಲ್ಲದು. ಅಮೆರಿಕದ ಪಾತ್ರ ವಹಿಸಿದವನು ಬಾಂಬರುಗಳನ್ನು ಕೊಂಡರೆ ಬುದ್ಧಿವಂತಿಕೆ. ಅದೇ ಕೆಲಸವನ್ನು ದ್ವೀಪವಾಸಿಯಾದ ನಾನು ಮೊದಲ ಸರದಿಯಲ್ಲಿಯೇ ಮಾಡಿದ್ದು ಮೂರ್ಖತನ. ಅದೇ ೩೦ಕ್ಕೆ ಎರಡು ಫೈಟರುಗಳೂ ಎರಡು ಕಾಲಾಳುಗಳೂ ಬರುತ್ತಿದ್ದವು.

ಆಟ ರಚಿಸಿದವರಿಗೂ ಈ ಸಮತೋಲನ ಸುಲಭವಾಗಿ ದೊರೆತಂತೆ ಕಾಣುವುದಿಲ್ಲ. ೨೦೦೪ರ ಪರಿಷ್ಕೃತ ಆವೃತ್ತಿಯಲ್ಲಿ ಫೈಟರಿನ ಬೆಲೆ ೧೦ಕ್ಕೆ ಇಳಿಯಿತು. ೨೦೦೮ರ ಆವೃತ್ತಿಯಲ್ಲಿ ಬಾಂಬರಿನ ಬೆಲೆಯೂ ೧೫ರಿಂದ ೧೨ಕ್ಕೆ ಇಳಿಯಿತು. ಮೂರು ಹಣ ಇಳಿದದ್ದು ಸಣ್ಣ ಮಾತೆಂದು ತೋರಬಹುದು. ಆದರೆ ಮೇಲಿನ ಲೆಕ್ಕವನ್ನೇ ಮತ್ತೆ ಹಾಕಿದರೆ, ದಾಳಿಯೊಂದರಲ್ಲಿ ನಮ್ಮ ನಷ್ಟ ೨ಕ್ಕೆ ಇಳಿದು, ಲಾಭ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಬಾಂಬರಿನ ತಕ್ಕಡಿ ಹೀಗೆ ತೂಗಿದಾಗ ಇನ್ನೊಂದು ತಟ್ಟೆಗೆ ಏನನ್ನಾದರೂ ಹಾಕಲೇಬೇಕು. ಈಚಿನ ಆವೃತ್ತಿಗಳಲ್ಲಿ ಅದನ್ನು ಹಾಕಿದ್ದಾರೆ: ಕಾರ್ಖಾನೆಯನ್ನು ಕಾಯುವವನು ತನ್ನ ಫೈಟರುಗಳಿಂದ ಬಾಂಬರುಗಳನ್ನು ಅಡ್ಡಗಟ್ಟಬಹುದು, ದಾಳಿ ಮಾಡುವವನು ತನ್ನ ಬಾಂಬರುಗಳೊಡನೆ ಫೈಟರುಗಳನ್ನು ಬೆಂಗಾವಲಾಗಿ ಕಳುಹಿಸಬಹುದು. ಈ ಒಂದು ನಿಯಮದಿಂದ ಪ್ರಶ್ನೆಯ ರೂಪವೇ ಬದಲಾಯಿತು. ‘ಫೈಟರೋ ಬಾಂಬರೋ’ ಎಂಬುದು ಹೋಗಿ ‘ಬಾಂಬರಿನೊಡನೆ ಎಷ್ಟು ಫೈಟರು’ ಎಂಬುದು ಬಂದಿತು. ಆಟದವರು ಇದನ್ನು ತಮ್ಮ ಕಲ್ಪನೆಯಿಂದ ತಂದುದಲ್ಲ. ಚರಿತ್ರೆ ಬಹಳ ದುಬಾರಿಯಾದ ಬೆಲೆಗೆ ಕಲಿಸಿದ ಪಾಠ ಇದು.

ಚರಿತ್ರೆಯ ಲೆಕ್ಕ

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಬಾಂಬರಿನ ಮೇಲೆ ಜನರಿಗೆ ಅಪಾರವಾದ ನಂಬಿಕೆಯೂ ಅಷ್ಟೇ ಭಯವೂ ಹುಟ್ಟಿದ್ದವು. ಇಟಲಿಯ ಸೇನಾನಿ ದೂಹೆ ೧೯೨೧ರಲ್ಲಿ ಬರೆದ ಗ್ರಂಥದಲ್ಲಿ, ಮುಂದಿನ ಯುದ್ಧವನ್ನು ಬಾಂಬರುಗಳೇ ತೀರ್ಮಾನಿಸುವುವೆಂದು ವಾದಿಸಿದ. ೧೯೩೨ರಲ್ಲಿ ಬ್ರಿಟನ್ನಿನ ಹಿರಿಯ ರಾಜಕಾರಣಿ ಬಾಲ್ಡ್ವಿನ್, ಏನು ಮಾಡಿದರೂ ಬಾಂಬರುಗಳು ನುಗ್ಗಿಯೇ ತೀರುತ್ತವೆಂದು ಪಾರ್ಲಿಮೆಂಟಿನಲ್ಲಿ ಎಚ್ಚರಿಸಿದರು. ನುಗ್ಗುವುದನ್ನು ತಡೆಯಲಾಗದಿದ್ದರೆ ಕಾವಲಿಗೆ ಹಣ ಸುರಿಯುವುದೇಕೆ? ನಾವೂ ಬಾಂಬರುಗಳನ್ನೇ ಕಟ್ಟಿ ಹೆದರಿಸುವುದು ಲೇಸು ಎಂಬುದು ಆ ಕಾಲದ ತರ್ಕ. ನನ್ನ ಮೊದಲ ಸರದಿಯ ತರ್ಕವೂ ಇದೇ ಆಗಿತ್ತು.

ಈ ತರ್ಕಕ್ಕೆ ಅಡ್ಡ ಬಂದವರು ಸೈನಿಕರಲ್ಲ. ಲೆಕ್ಕ ಬಲ್ಲ ಒಬ್ಬ ಮಂತ್ರಿ. ೧೯೩೭ರ ಡಿಸೆಂಬರಿನಲ್ಲಿ ರಕ್ಷಣಾ ಸಮನ್ವಯದ ಮಂತ್ರಿಯಾಗಿದ್ದ ಇನ್‌ಸ್ಕಿಪ್, ಜರ್ಮನಿಯ ಬಾಂಬರುಗಳಿಗೆ ಸರಿಸಮನಾಗಿ ಬಾಂಬರುಗಳನ್ನು ಕಟ್ಟುವುದು ಅನಗತ್ಯ, ಮೊದಲು ನಮ್ಮ ನೆಲದ ಮೇಲೆಯೇ ಅವುಗಳನ್ನು ಹೊಡೆಯುವ ಫೈಟರುಗಳು ಬೇಕು ಎಂದರು. ಫೈಟರು ಅಗ್ಗವೆಂಬುದೂ ಅವರ ವಾದದಲ್ಲಿ ಸೇರಿತ್ತು. ವಿಮಾನದಳದ ಮುಖ್ಯಸ್ಥರು ವಿರೋಧಿಸಿದರೂ ಮಂತ್ರಿಮಂಡಲ ಮಂತ್ರಿಯ ಮಾತನ್ನು ಒಪ್ಪಿತು. ಹರಿಕೇನ್, ಸ್ಪಿಟ್‌ಫೈರ್ ಎಂಬ ಫೈಟರುಗಳೂ, ಶತ್ರುವಿಮಾನ ಸಮುದ್ರದಾಚೆ ಇರುವಾಗಲೇ ಸುಳಿವು ಕೊಡುವ ರೇಡಾರ್ ಕೇಂದ್ರಗಳೂ ಸಿದ್ಧವಾದವು. ೧೯೪೦ರ ಮೇ ತಿಂಗಳಲ್ಲಿ ಫ್ರಾನ್ಸು ಕುಸಿಯುತ್ತಿದ್ದಾಗ ಇನ್ನಷ್ಟು ಫೈಟರುಗಳನ್ನು ಅಲ್ಲಿಗೆ ಕಳುಹಿಸಬೇಕೆಂದು ಒತ್ತಾಯ ಬಂದಿತು. ಫೈಟರ್ ದಳದ ಮುಖ್ಯಾಧಿಕಾರಿ ಡೌಡಿಂಗ್ ಮೇ ೧೬ರಂದು ಬರೆದ ಪತ್ರದಲ್ಲಿ, ದೇಶದ ರಕ್ಷಣೆಗೆ ೫೨ ಸ್ಕ್ವಾಡ್ರನ್ನುಗಳು ಬೇಕೆಂದು ಮೊದಲೇ ಗೊತ್ತುಮಾಡಿದ್ದು ಈಗ ೩೬ಕ್ಕೆ ಇಳಿದಿದೆ ಎಂಬುದನ್ನು ನೆನಪಿಸಿದರು. ಮನೆಯ ಬಾಗಿಲಿಗೆ ಬೀಗ ಹಾಕಿದವರು ಅವರು.

ಆ ಬೇಸಗೆಯಲ್ಲಿ ಜರ್ಮನರ ಸಮತೋಲನ ಕೆಟ್ಟದ್ದು ಸಂಖ್ಯೆಯಲ್ಲಲ್ಲ, ದೂರದಲ್ಲಿ. ಅವರ ಬಾಂಬರುಗಳು ಬ್ರಿಟನ್ನಿನ ಬಹುಭಾಗವನ್ನು ಮುಟ್ಟಬಲ್ಲವಾಗಿದ್ದವು. ಆದರೆ ಅವುಗಳನ್ನು ಕಾಯಬೇಕಾದ ಮೆಸರ್‌ಷ್ಮಿಟ್ ೧೦೯ ಎಂಬ ಫೈಟರಿಗೆ ಲಂಡನ್ನಿನ ಮೇಲೆ ಹತ್ತಿಪ್ಪತ್ತು ನಿಮಿಷ ಕಾದಾಡುವಷ್ಟು ಮಾತ್ರ ಇಂಧನ ಉಳಿಯುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಇಲ್ಲಿ ಹೀಗೆ ತಿರುಗಿಸಬಹುದು: ಬಾಂಬರಿನ ಕಾಲು ಎಷ್ಟೇ ಉದ್ದವಿರಲಿ, ಹಾಸಿಗೆಯ ಉದ್ದ ಫೈಟರಿನ ಕೈಯಲ್ಲಿದೆ. ಆಗಸ್ಟ್ ೧೫ರಂದು ನಾರ್ವೆಯ ಕಡೆಯಿಂದ ೧೦೯ರ ಬೆಂಗಾವಲಿಲ್ಲದೆ ಬಂದ ಬಾಂಬರುಗಳು ಬಹಳ ಪೆಟ್ಟು ತಿಂದವು. ಆ ಕಡೆಯಿಂದ ಹಗಲಿನಲ್ಲಿ ಅಂಥ ದೊಡ್ಡ ದಾಳಿ ಮತ್ತೆ ಬರಲಿಲ್ಲ.

ಬೆಂಗಾವಲಿನ ಪಾಠ

ಮೂರು ವರ್ಷಗಳ ನಂತರ ಇದೇ ತಪ್ಪನ್ನು ಅಮೆರಿಕನ್ನರು ಮಾಡಿದರು. ಅವರ ಬಿ-೧೭ ಬಾಂಬರಿನ ಮೈತುಂಬ ಬಂದೂಕುಗಳು. ಒತ್ತೊತ್ತಾಗಿ ಸಾಲುಗಟ್ಟಿ ಹಾರಿದರೆ ತಮ್ಮನ್ನು ತಾವೇ ಕಾಯ್ದುಕೊಳ್ಳುವುವೆಂಬುದು ಅವರ ನಂಬಿಕೆ. ೧೯೪೩ರ ಆಗಸ್ಟ್ ೧೭ರಂದು ಷ್ವೈನ್‌ಫರ್ಟಿನ ಬೇರಿಂಗ್ ಕಾರ್ಖಾನೆಗಳ ಮೇಲೂ ರೇಗೆನ್ಸ್‌ಬರ್ಗಿನ ವಿಮಾನ ಕಾರ್ಖಾನೆಯ ಮೇಲೂ ೩೭೬ ಬಾಂಬರುಗಳು ಹೊರಟವು, ೬೦ ಮರಳಲಿಲ್ಲ. ಅಕ್ಟೋಬರ್ ೧೪ರಂದು ಮತ್ತೆ ಷ್ವೈನ್‌ಫರ್ಟಿಗೆ ೨೯೧ ಹೊರಟವು; ಅವುಗಳಲ್ಲಿಯೂ ೬೦ ಮರಳಲಿಲ್ಲ. ಒಂದೊಂದರಲ್ಲಿ ಹತ್ತು ಮಂದಿ. ಬೆಂಗಾವಲಿನ ಫೈಟರುಗಳು ಜರ್ಮನಿಯ ಗಡಿಯ ಹತ್ತಿರ ಇಂಧನ ಸಾಲದೆ ಹಿಂದಿರುಗುವುದನ್ನೇ ಶತ್ರುವಿನ ಫೈಟರುಗಳು ಕಾಯುತ್ತಿದ್ದವು. ಎರಡನೆಯ ದಾಳಿಯಲ್ಲಿ ನಷ್ಟ ಐದರಲ್ಲಿ ಒಂದಕ್ಕಿಂತ ಹೆಚ್ಚು. ನಮ್ಮ ಆಟದ ತೋಪಿನ ಆರರಲ್ಲಿ ಒಂದಕ್ಕಿಂತಲೂ ಕಠೋರವಾದ ದಾಳ ಇದು. ಬೆಂಗಾವಲಿಲ್ಲದೆ ಜರ್ಮನಿಯ ಒಳನಾಡಿಗೆ ಹೋಗುವುದನ್ನು ಅವರು ನಿಲ್ಲಿಸಬೇಕಾಯಿತು.

ಇದಕ್ಕೆ ಮದ್ದು ಬಾಂಬರುಗಳನ್ನು ಕಡಿಮೆ ಮಾಡುವುದಾಗಿರಲಿಲ್ಲ. ಫೈಟರಿನ ಕೈಯನ್ನು ಉದ್ದ ಮಾಡುವುದಾಗಿತ್ತು. ಅಮೆರಿಕದ ಮಸ್ಟಾಂಗ್ ವಿಮಾನಕ್ಕೆ ಬ್ರಿಟನ್ನಿನ ಮರ್ಲಿನ್ ಎಂಜಿನ್ನನ್ನು ಕೂಡಿಸಿ, ಬೇಕಾದಾಗ ಕಳಚಿ ಎಸೆಯಬಹುದಾದ ಇಂಧನದ ತೊಟ್ಟಿಗಳನ್ನು ರೆಕ್ಕೆಯಡಿ ಕಟ್ಟಿದಾಗ, ೧೯೪೪ರ ಮಾರ್ಚ್ ವೇಳೆಗೆ ಅದು ಇಂಗ್ಲೆಂಡಿನಿಂದ ಬರ್ಲಿನ್ನಿಗೆ ಹೋಗಿ ಕಾದಾಡಿ ಮರಳಬಲ್ಲದಾಯಿತು.

ಇನ್ನೂ ಒಂದು ಸೂಕ್ಷ್ಮವಿದೆ. ೧೯೪೦ರಲ್ಲಿ ಗೋರಿಂಗ್ ತನ್ನ ಫೈಟರುಗಳನ್ನು ಬಾಂಬರುಗಳ ಮಗ್ಗುಲಿಗೇ ಕಟ್ಟಿಹಾಕಿದ್ದ. ಓಡುವ ಕುದುರೆ ಎತ್ತಿನ ಗಾಡಿಯ ಜೊತೆಗೆ ನಡೆಯಬೇಕಾಯಿತು. ೧೯೪೪ರ ಜನವರಿಯಲ್ಲಿ ಅಮೆರಿಕದ ಎಂಟನೆಯ ವಿಮಾನಪಡೆಯ ಅಧಿಪತಿಯಾಗಿ ಬಂದ ಡೂಲಿಟ್ಲ್ ಇದಕ್ಕೆ ವಿರುದ್ಧವಾದ ಆಜ್ಞೆ ಕೊಟ್ಟ: ಬೆಂಗಾವಲಿನವರು ಬಾಂಬರುಗಳ ಪಕ್ಕದಲ್ಲಿಯೇ ಇರಬೇಕಾಗಿಲ್ಲ, ಮುಂದಕ್ಕೆ ಹೋಗಿ ಶತ್ರುವಿನ ಫೈಟರುಗಳನ್ನು ಹುಡುಕಿ ಹೊಡೆಯಬೇಕು. ಬಾಂಬರುಗಳು ಬಂದಾಗ ಜರ್ಮನರು ಮೇಲೇರಲೇಬೇಕು. ಮೇಲೇರಿದರೆ ಮಸ್ಟಾಂಗುಗಳು ಕಾದಿರುತ್ತವೆ. ೧೯೪೪ರಲ್ಲಿ ಜರ್ಮನಿ ಸುಮಾರು ೪೦,೦೦೦ ವಿಮಾನಗಳನ್ನು ತಯಾರಿಸಿತು. ಅದಕ್ಕೆ ಹಿಂದೆಂದೂ ಅಷ್ಟು ತಯಾರಿಸಿರಲಿಲ್ಲ. ಆದರೆ ಅವುಗಳನ್ನು ಹಾರಿಸಬಲ್ಲ ಪಳಗಿದ ಚಾಲಕರೂ ಇಂಧನವೂ ಉಳಿದಿರಲಿಲ್ಲ.

ಇವೆಲ್ಲದರಿಂದ ನನಗೆ ತಿಳಿದುಬಂದ ತಾತ್ಪರ್ಯವಿಷ್ಟು. ಸಮತೋಲನವೆಂದರೆ ಇಷ್ಟಕ್ಕೆ ಇಷ್ಟು ಎಂಬ ಸಮಸಂಖ್ಯೆಯಲ್ಲ. ಮೊದಲು ಮನೆ ಉಳಿಯುವಷ್ಟು ಫೈಟರು. ಆಮೇಲೆ ಫೈಟರಿನ ಕೈ ಎಟುಕುವ ದೂರದವರೆಗೆ ಬಾಂಬರು. ಅದಕ್ಕೂ ಆಚೆಗೆ ಹೋಗಬೇಕಾದರೆ ಮೊದಲು ಆ ಕೈಯನ್ನು ಉದ್ದ ಮಾಡಬೇಕು. ಒಂದು ಇನ್ನೊಂದರ ಕೆಲಸವನ್ನು ಸಾಧ್ಯ ಮಾಡಿಕೊಡುವುದೇ ಸಮತೋಲನ. ಅದರ ಪ್ರಮಾಣ ಸರದಿಯಿಂದ ಸರದಿಗೆ ಬದಲಾಗುತ್ತಲೇ ಇರುತ್ತದೆ.

ನಮ್ಮ ನಾಡಿನ ನಂಟು

ಈ ಓದಿನ ನಡುವೆ ನಮ್ಮ ನಾಡಿನ ಹೆಸರು ಎರಡು ಕಡೆ ಎದುರಾದಾಗ ನನಗಾದ ಸಂತೋಷವನ್ನು ಹೇಳದಿರಲಾರೆ. ೧೯೪೧ರ ಜೂನ್ ತಿಂಗಳಲ್ಲಿ ಬ್ರಿಟಿಷ್ ವಿಮಾನದಳದಲ್ಲಿ ೧೨೯ನೆಯ ಫೈಟರ್ ಸ್ಕ್ವಾಡ್ರನ್ ಹುಟ್ಟಿತು. ಅದರ ಹೆಸರು ‘ಮೈಸೂರು’ ಸ್ಕ್ವಾಡ್ರನ್. ಮೈಸೂರು ಸಂಸ್ಥಾನದ ಕೊಡುಗೆಯ ಗೌರವಾರ್ಥವಾಗಿ ಬಂದ ಹೆಸರು ಅದು; ಅದರ ಲಾಂಛನದಲ್ಲಿದ್ದದ್ದು ನಮ್ಮ ಗಂಡಭೇರುಂಡ. ಮೊದಲು ಸ್ಪಿಟ್‌ಫೈರುಗಳನ್ನು ಹಾರಿಸಿದ ಆ ದಳಕ್ಕೆ ೧೯೪೪ರಲ್ಲಿ ಮಸ್ಟಾಂಗುಗಳು ಬಂದು, ಯುದ್ಧದ ಕೊನೆಯ ಭಾಗದಲ್ಲಿ ಅದು ಬಾಂಬರುಗಳ ಬೆಂಗಾವಲಿಗೆ ಹೋಯಿತು. ಕಾವಲಿನಿಂದ ಬೆಂಗಾವಲಿಗೆ ಬಂದ ಈ ಒಂದು ದಳದ ಕಥೆಯಲ್ಲಿ ನಾನು ಮೇಲೆ ಹೇಳಿದ ಇಡೀ ಪಾಠ ಅಡಗಿದೆ. ಎರಡು ತಲೆ, ಒಂದೇ ಒಡಲು: ಈ ವಿಷಯಕ್ಕೆ ಗಂಡಭೇರುಂಡಕ್ಕಿಂತ ತಕ್ಕ ಲಾಂಛನ ದೊರೆಯುವುದು ಕಷ್ಟ.

ಎರಡನೆಯದು ಬೆಂಗಳೂರಿನ ಹೆಸರು. ಅಮೆರಿಕದ ಬಾಂಬರುಗಳನ್ನು ಎದುರಿಸಿದ ಫೋಕೆ ವುಲ್ಫ್ ೧೯೦ ಎಂಬ ಜರ್ಮನ್ ಫೈಟರನ್ನು ರೂಪಿಸಿದ ಕುರ್ಟ್ ಟ್ಯಾಂಕ್, ೧೯೫೬ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಗೆ ಬಂದರು. ಅವರ ನೇತೃತ್ವದಲ್ಲಿ ರೂಪುಗೊಂಡ ಮಾರುತ್ ವಿಮಾನ ೧೯೬೧ರ ಜೂನಿನಲ್ಲಿ ಮೊದಲು ಹಾರಿತು. ಅದು ಫೈಟರೂ ಹೌದು, ಬಾಂಬು ಹಾಕುವುದೂ ಹೌದು. ಎರಡು ಕಾಯಿಗಳ ಜಗಳವನ್ನು ಒಂದೇ ಕಾಯಿಯಲ್ಲಿ ತೀರಿಸುವ ಯತ್ನ ಅದು. ೧೯೭೧ರ ಯುದ್ಧದಲ್ಲಿ ಅದು ಹೆಚ್ಚಾಗಿ ನೆಲದ ಗುರಿಗಳ ಮೇಲೆಯೇ ದಾಳಿ ಮಾಡಿತು.

ಆಟ ಎಣಿಸದ್ದು

ನನ್ನ ಲೆಕ್ಕದ ಹಾಳೆಯನ್ನು ಅಧ್ಯಾಪಕರಿಗೆ ತೋರಿಸಿದೆ. ಅವರು ನಿಧಾನವಾಗಿ ಓದಿ, “ಲೆಕ್ಕ ಸರಿಯಾಗಿದೆಯಪ್ಪ. ಆದರೆ ೧೫ರ ಬಾಂಬರು ಹೋಯಿತು ಎಂದು ಬರೆದಿದ್ದೀಯಲ್ಲ, ಅದರೊಳಗೆ ಕುಳಿತಿದ್ದವರು ಎಷ್ಟು ಮಂದಿ?” ಎಂದು ಕೇಳಿದರು.

ಬ್ರಿಟನ್ನಿನ ಲ್ಯಾಂಕಾಸ್ಟರ್ ಬಾಂಬರಿನಲ್ಲಿ ಏಳು ಮಂದಿ. ಒಬ್ಬ ವೈಮಾನಿಕ ಒಂದು ಅವಧಿಯಲ್ಲಿ ೩೦ ದಾಳಿಗಳನ್ನು ಮುಗಿಸಬೇಕಾಗಿತ್ತು. ಪ್ರತಿ ದಾಳಿಯಲ್ಲಿ ನೂರಕ್ಕೆ ಐದು ವಿಮಾನ ಹೋದರೂ ಸಹಿಸಬಹುದಾದ ನಷ್ಟವೆಂದು ಕೇಳುವವರಿಗೆ ತೋರಬಹುದು. ಗುಣಿಸಿ ನೋಡಿದರೆ, ಆ ಪ್ರಮಾಣದಲ್ಲಿ ನೂರು ಮಂದಿಯಲ್ಲಿ ೩೦ ದಾಳಿಗಳನ್ನು ಮುಗಿಸುವವರು ಸುಮಾರು ೨೧ ಮಂದಿ ಮಾತ್ರ. ೧೯೪೪ರ ಮಾರ್ಚ್ ೩೦ರ ರಾತ್ರಿ ನ್ಯೂರೆಂಬರ್ಗಿಗೆ ಹೊರಟ ೭೯೫ ವಿಮಾನಗಳಲ್ಲಿ ೯೫ ಮರಳಲಿಲ್ಲ. ಬ್ರಿಟನ್ನಿನ ಬಾಂಬರ್ ದಳದಲ್ಲಿ ಹಾರಿದ ಸುಮಾರು ೧,೨೫,೦೦೦ ಮಂದಿಯಲ್ಲಿ ಸತ್ತವರು ೫೫,೫೭೩. ಅವರಲ್ಲಿ ಬಹಳ ಮಂದಿ ನನ್ನ ವಯಸ್ಸಿನವರು. ಇನ್ನು ಕೆಳಗೆ ನೆಲದ ಮೇಲಿದ್ದವರ ಮಾತು. ಆಟದಲ್ಲಿ ಬಾಂಬು ಬಿದ್ದರೆ ಹಣ ಮಾತ್ರ ಹೋಗುತ್ತದೆ. ೧೯೪೫ರ ಫೆಬ್ರುವರಿಯಲ್ಲಿ ಡ್ರೆಸ್ಡೆನ್ ನಗರವೊಂದರಲ್ಲಿಯೇ ಸುಮಾರು ೨೫,೦೦೦ ಜನ ಸತ್ತರು. ನಮ್ಮ ಹಲಗೆಯ ಮೇಲೆ ಆ ಊರಿನ ಹೆಸರೂ ಇಲ್ಲ.

ಹಾಗಾದರೆ ಇಂಥ ಆಟವನ್ನು ಆಡಬಾರದೇ ಎಂದು ಕೇಳಿ ನೋಡಿಕೊಂಡೆ. ಆಡಬಹುದೆಂದೇ ನನ್ನ ಅಲ್ಪಮತಿಗೆ ತೋರುತ್ತದೆ. ಆದರೆ ಆಡಿ ಮುಗಿಸಿದ ಮೇಲೆ ಹಲಗೆಯ ಹೊರಗೆ ಉಳಿದದ್ದನ್ನೂ ಎಣಿಸಬೇಕು. ಸೋತಾಗ ದಾಳವನ್ನು ದೂರುವುದಕ್ಕಿಂತ ಇದು ಹೆಚ್ಚು ಕಷ್ಟ.

ಉಪಸಂಹಾರ

ದೀಪಾವಳಿಗೆ ಊರಿಗೆ ಹೋದಾಗ ಈ ಲೆಕ್ಕವನ್ನು ಅಪ್ಪನಿಗೆ ಹೇಳಿದೆ. ವಿಮಾನಗಳ ಮಾತಿನಲ್ಲಿ ಅಲ್ಲ. ನಮ್ಮ ಹೊಲದ ಮಾತಿನಲ್ಲಿ. ನಮ್ಮ ಹೊಲದ ಆಚೆಗೆ ಕಾಡು. ಈ ಸಲದ ಮುಂಗಾರಿನಲ್ಲಿ ಅಪ್ಪ ಕೈಯಲ್ಲಿದ್ದ ಹಣವನ್ನೆಲ್ಲ ಮುಸುಕಿನ ಜೋಳದ ಬೀಜಕ್ಕೂ ಗೊಬ್ಬರಕ್ಕೂ ಹಾಕಿದ್ದರು. ಬೇಲಿಗೆ ಏನೂ ಉಳಿಸಿರಲಿಲ್ಲ, ಕಾವಲಿಗೆ ಆಳನ್ನೂ ಇಟ್ಟಿರಲಿಲ್ಲ. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಕಾಡುಹಂದಿಗಳು ಮೂರು ರಾತ್ರಿ ಬಂದು ಅರ್ಧಕ್ಕಿಂತ ಹೆಚ್ಚು ಹೊಲವನ್ನು ಮಲಗಿಸಿದವು. “ಬೀಜಕ್ಕೆ ಹಾಕಿದ್ದರಲ್ಲಿ ಒಂದಿಷ್ಟು ಬೇಲಿಗೆ ಹಾಕಿದ್ದರೆ ಬೆಳೆ ಉಳಿಯುತ್ತಿತ್ತಪ್ಪ” ಎಂದೆ. ಹೇಳುವಾಗ ನನ್ನ ದನಿಯಲ್ಲಿ ಓದಿದವನ ಜಂಬ ಸ್ವಲ್ಪ ಇತ್ತೆಂದು ಈಗ ನಾಚಿಕೆಯಾಗುತ್ತದೆ.

ಅಪ್ಪ ಎಲೆಯಡಿಕೆಯ ಚೀಲವನ್ನು ಬಿಚ್ಚುತ್ತ, “ನಿನ್ನ ಲೆಕ್ಕ ಸರಿ ಮಗಾ. ಬೇಲಿ ಬೇಕು ಅನ್ನೋದು ನಂಗೆ ಗೊತ್ತಿರಲಿಲ್ವಾ? ಬೇಲಿ ಬೆಳೆ ಕೊಡಾಕಿಲ್ಲ. ನಿನ್ನ ಕೊನೇ ವರ್ಷದ ಫೀಜಿಗೆ, ಊಟದ ದುಡ್ಡಿಗೆ ಬೆಳೆ ಬೇಕಾಗಿತ್ತು” ಎಂದರು.

ನಾನು ಮಾತನಾಡಲಿಲ್ಲ. ಕಾವಲನ್ನು ಬಿಟ್ಟು ದಾಳಿಗೇ ಎಲ್ಲವನ್ನೂ ಸುರಿಯುವವರೆಲ್ಲ ಲೆಕ್ಕ ಬಾರದವರಲ್ಲ. ಕೆಲವರಿಗೆ ಕಾಯುವಷ್ಟು ಪುರಸತ್ತು ಇರುವುದಿಲ್ಲ. ನನ್ನ ಹಾಳೆಯಲ್ಲಿ ಎಲ್ಲ ಅಂಕಿಗಳೂ ಇದ್ದವು, ಇದೊಂದು ಇರಲಿಲ್ಲ.

ಅದಾದ ಮೇಲೆ ನಾವು ಗೆಳೆಯರು ಮತ್ತೊಮ್ಮೆ ಆಟಕ್ಕೆ ಕುಳಿತೆವು. ಈ ಸಲ ಮೊದಲ ಸರದಿಯಲ್ಲಿ ಎರಡು ಫೈಟರುಗಳನ್ನೂ ಎರಡು ಕಾಲಾಳುಗಳನ್ನೂ ಕೊಂಡೆ. ಬಾಂಬರನ್ನು ನಾಲ್ಕನೆಯ ಸರದಿಯವರೆಗೆ ಮುಟ್ಟಲಿಲ್ಲ. ಗೆಲ್ಲಲಿಲ್ಲ, ಆದರೆ ಹಾಸ್ಟೆಲಿನ ದೀಪ ಆರಿಸುವ ಹೊತ್ತಿಗೂ ಲಂಡನ್ ನನ್ನ ಕೈಯಲ್ಲಿತ್ತು. ಊರಿನಲ್ಲಿ ಹಿಂಗಾರಿಗೆ ಹುರುಳಿ ಚೆಲ್ಲಿದ್ದೇವೆ. ಬೀಜಕ್ಕೆ ಹಣ ಕಡಿಮೆ ಹಾಕಿ, ಉಳಿದದ್ದರಲ್ಲಿ ಹೊಲದ ಮೂಲೆಯ ಅಟ್ಟಣೆಯನ್ನು ರಿಪೇರಿ ಮಾಡಿಸಿದ್ದೇವೆ. ಶನಿವಾರದ ರಾತ್ರಿಗಳಲ್ಲಿ ಅಪ್ಪನಿಗೆ ನಿದ್ದೆಗೆ ಬಿಡುವು; ಕಾವಲು ನನ್ನದು. ಈ ಲೇಖನದ ಬಹುಭಾಗವನ್ನು ಅಲ್ಲಿಯೇ, ಲಾಟೀನಿನ ಬೆಳಕಿನಲ್ಲಿ ಬರೆದೆ.